ಹುಚ್ಚಲ್ಲ, ಎದೆಯಲ್ಲಿ ನೀರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ದನದ ಡಾಕ್ಟರಾಗಿದ್ದೆ. ಬಾಯಿ ತೆರೆದು ಜೊಲ್ಲು ಸುರಿಸುವ ನಾಯಿ ಕಂಡರೆ ಜನಕ್ಕೆ ಒಂದೇ ಅರ್ಥ: ಹುಚ್ಚು ಹಿಡಿದಿದೆ, ಹೊಡೆದು ಸಾಯಿಸಬೇಕು. ಅವರನ್ನು ಪೂರ್ತಿ ದೂರಲಾರೆ, ಹುಚ್ಚುನಾಯಿ ಕಚ್ಚಿ ನರಳಿ ಸತ್ತವರನ್ನು ಅವರು ಕಂಡಿದ್ದರು. ಆದರೆ ಅವರು ಹೊಡೆಯುತ್ತಿದ್ದ ರೀತಿ ಇದೆಯಲ್ಲ, ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಒಂದು ಬೆಳಿಗ್ಗೆ ಉದ್ದನಪಲ್ಲಿ ಕಡೆಯ ರೈತನೊಬ್ಬ ತನ್ನ ಕರಿನಾಯಿಯನ್ನು ಗೋಣಿಯಲ್ಲಿ ಸುತ್ತಿ ಆಸ್ಪತ್ರೆಗೆ ಹೊತ್ತು ತಂದ. ಕಲ್ಲೇಟಿಗೆ ಅದರ ಒಂದು ಕಣ್ಣು ಒಡೆದಿತ್ತು, ಕಿವಿ ಹರಿದು ನೇತಾಡುತ್ತಿತ್ತು. ಅಡ್ಡ ಬಂದದ್ದಕ್ಕೆ ಊರವರು ಅವನಿಗೂ ಬಾರಿಸಿದ್ದರು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಹಿಂದೆಯೇ ಬಂದ ಇಬ್ಬರು ದೊಣ್ಣೆ ಹಿಡಿದು ಗೇಟಿನಲ್ಲಿ ನಿಂತರು. ಒಬ್ಬ ಒಳಗೆ ಕಾಲಿಟ್ಟ. ಕತ್ತಿನಪಟ್ಟಿ ಹಿಡಿದು ಅವನನ್ನು ಗೋಡೆಗೆ ಅಪ್ಪಳಿಸಿದೆ. ಡಾಕ್ಟರು ಮಾಡುವ ಕೆಲಸವಲ್ಲ, ಗೊತ್ತು.

ನಾಯಿ ನೀರು ಕುಡಿಯಿತು, ಕಚ್ಚಲು ಬರಲಿಲ್ಲ. ಬಾಯಿ ತೆರೆದು, ಜೊಲ್ಲು ಸುರಿಸುತ್ತ ಉಸಿರಿಗೆ ಮಾತ್ರ ಒದ್ದಾಡುತ್ತಿತ್ತು. ಸ್ಟೆತಸ್ಕೋಪ್ ಇಟ್ಟರೆ ಎದೆಬಡಿತ ಪಕ್ಕದ ಮನೆಯಲ್ಲಿ ಯಾರೋ ಕುಟ್ಟಿದ ಹಾಗೆ ದೂರದಲ್ಲಿ ಕೇಳುತ್ತಿತ್ತು. ಎದೆಯಲ್ಲಿ ನೀರು ತುಂಬಿದೆ ಅನ್ನಿಸಿತು. ಆದರೆ ಹಿಂದೊಮ್ಮೆ ಹೀಗೇ ಅಂದಾಜಿನ ಮೇಲೆ ಚುಚ್ಚಿ, ಸೂಜಿಯನ್ನು ನಾಯಿಯೊಂದರ ಹೃದಯಕ್ಕೇ ಇಳಿಸಿದ್ದೆ. ಅದು ನನ್ನ ಕೈಯಲ್ಲೇ ಸತ್ತಿತ್ತು.

ನನ್ನ ಹೆಂಡತಿ ಹೆರಿಗೆ ಡಾಕ್ಟರು. ಅವಳ ನರ್ಸಿಂಗ್ ಹೋಮಿಗೆ ಆಗತಾನೆ ಸ್ಕ್ಯಾನ್ ಯಂತ್ರ ಬಂದಿತ್ತು. ಬಸುರಿಯರೆಲ್ಲ ಹೋದ ಮೇಲೆ ನಾಯಿಯನ್ನು ಹಿಂಬಾಗಿಲಿನಿಂದ ಸಾಗಿಸಿದೆವು. ಇದಕ್ಕೆಷ್ಟು ತಿಂಗಳು ಎಂದು ಕೇಳಿದವಳು, ನನ್ನನ್ನು ಬೈಯುತ್ತಲೇ ಪಕ್ಕೆಲುಬುಗಳ ನಡುವೆ ಪ್ರೋಬ್ ಒತ್ತಿದಳು. ಪರದೆಯ ಮೇಲೆ ಕಪ್ಪಗೆ ನೀರು, ಅದರೊಳಗೆ ಪಟಪಟ ಬಡಿಯುವ ಹೃದಯ. ಹೃದಯ ಎಲ್ಲಿದೆಯೆಂದು ಕಣ್ಣಾರೆ ಕಂಡು, ಅದನ್ನು ತಪ್ಪಿಸಿ ಸೂಜಿ ಇಳಿಸಿದೆ. ಲೀಟರಿನಷ್ಟು ಕೆಂಪು ನೀರು ಬಂತು. ನಾಯಿ ಬಾಯಿ ಮುಚ್ಚಿ ಉಸಿರಾಡಿತು. ರೈತ ಗೋಳೋ ಎಂದು ಅತ್ತ. ನಾನು ಬೀಗಿದೆ, ಸುಳ್ಳೇಕೆ ಹೇಳಲಿ.

ಹತ್ತು ದಿನ ಅದನ್ನು ನಮ್ಮ ಹಿತ್ತಿಲಿನಲ್ಲೇ ಕಟ್ಟಿಕೊಂಡೆ. ಹುಚ್ಚಿದ್ದರೆ ಅಷ್ಟರಲ್ಲಿ ಸಾಯಬೇಕಿತ್ತು. ಸಾಯುವ ಬದಲು ಅದು ನಮ್ಮ ಮನೆಯ ಅನ್ನವನ್ನೆಲ್ಲ ತಿಂದು ಬಾಲ ಅಲ್ಲಾಡಿಸಿತು. ಈ ನಾಯಿಗೆ ಹುಚ್ಚಿಲ್ಲ ಎಂದು ತಮಿಳಿನಲ್ಲಿ ಬರೆದು, ಸೀಲು ಒತ್ತಿ, ಚೀಟಿಯನ್ನು ರೈತನ ಕೈಗೆ ಕೊಟ್ಟು ಇಬ್ಬರನ್ನೂ ಕಳಿಸಿದೆ.

ಮಾರನೆಯ ದಿನ ಅವನೊಬ್ಬನೇ ಬಂದ. ಊರಿಗೆ ಕಾಲಿಡುತ್ತಲೇ ನಾಯಿಯನ್ನು ಹೊಡೆದು ಕೊಂದರಂತೆ. ಬೆನ್ನು ಮುರಿದು ತೆವಳುತ್ತಿದ್ದರೂ ಬಿಡಲಿಲ್ಲವಂತೆ. ಚೀಟಿ ಯಾಕೆ ತೋರಿಸಲಿಲ್ಲ ಎಂದು ನಾನು ಅವನ ಮೇಲೇ ರೇಗಿದೆ.

"ತೋರುಸ್ದೆ ಸಾರ್. ಚೀಟಿ ಯಾರೂ ನೋಡ್ನಿಲ್ಲ, ಪಕ್ಕೆ ನೋಡುದ್ರು. ಹುಚ್ಚಿಗೆ ಕೂದ್ಲೆಲ್ಲಾ ಉದ್ರೋಗದೆ ಕಣ್ಲಾ, ಹೊಡೀರಿ ಅಂದ್ರು."

ಕೂದಲಿದ್ದರೆ ಸ್ಕ್ಯಾನಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಚರ್ಮ ಕಾಣುವ ಹಾಗೆ ಅದರ ಪಕ್ಕೆ ಬೋಳಿಸಿದವನು ನಾನೇ.