ಚಾದರದೊಳಗಿನ ನೀಲಿ ಕಿಡಿ

ಇವತ್ತು ಬೆಳಿಗ್ಗೆ ಮುಂಬೈಯ ಗೋರೆಗಾಂವ್‌ನ ನಮ್ಮ ಬಿಲ್ಡಿಂಗ್ ಕೆಳಗೆ ಹಳೆಯ ಟೆಂಪೊ ಒಂದು ಢಂ ಎಂದಿತು. ರಾತ್ರಿಯಿಡೀ ಅತ್ತು ಆಗಷ್ಟೇ ಮಲಗಿದ್ದ ಮಗಳು ಬೆಚ್ಚಿ ಎದ್ದಳು. ನನಗೆ ಅಪ್ಪನ ವ್ಯಾನ್ ನೆನಪಾಯಿತು.

ನನ್ನ ಚಿಕ್ಕಂದಿನಲ್ಲಿ, ದಹಿಸರ್‌ನಲ್ಲಿದ್ದಾಗ, ಅಪ್ಪ ಅದರಲ್ಲಿ ಹೋಟೆಲುಗಳಿಗೆ ತೆಂಗಿನಕಾಯಿ ಹಾಕುತ್ತಿದ್ದರು. ಆಕ್ಸಿಲರೇಟರ್ ಒತ್ತಿದರೆ ಸಾಕು, ಸೈಲೆನ್ಸರ್ ಹೀಗೇ ಢಂ ಎಂದು ಸಿಡಿಯುತ್ತಿತ್ತು. ಹೆದರಿದ ನಾನು ಅದರಲ್ಲಿ ಶಾಲೆಗೆ ಹೋಗಲು ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಅಪ್ಪ ಬಾನೆಟ್ ತೆರೆದು, ಅದರ ಮೇಲೂ ನಮ್ಮಿಬ್ಬರ ತಲೆಯ ಮೇಲೂ ದಪ್ಪ ಚಾದರ ಹೊದಿಸಿ ಕತ್ತಲು ಮಾಡಿದರು. ಒಳಗೆಲ್ಲ ಪೆಟ್ರೋಲಿನ, ಅಪ್ಪನ ಬೆವರಿನ ವಾಸನೆ.

"ಕೈ ಹಿಂದೆ ಕಟ್ಟಿಕೋ ಮಗಾ. ಇವಳೇ, ಸ್ವಲ್ಪ ರೇಸ್ ಮಾಡು!"

ಸ್ಟಿಯರಿಂಗ್ ಮುಂದೆ ಕೂತಿದ್ದ ಅಮ್ಮ, "ಮಗುವಿಗೆ ಶಾಕ್ ಹೊಡೆದ್ರೆ? ನಿಮಗೆ ತಲೆ ಸಮ ಉಂಟಾ?" ಎಂದು ಬೈಯುತ್ತಲೇ ಆಕ್ಸಿಲರೇಟರ್ ಒತ್ತಿದಳು.

ಪ್ಲಗ್ಗಿನ ವೈರಿನಿಂದ ಸಣ್ಣ ನೀಲಿ ಕಿಡಿ ಹೊರಗೆ ಹಾರಿತು.

"ಕಂಡಿತಾ? ವೈರ್ ಒಡೆದಿದೆ. ಕಿಡಿ ಇಲ್ಲೇ ಸೋರಿದ್ರೆ ಎಂಜಿನ್ ಒಳಗೆ ಪೆಟ್ರೋಲ್ ಉರಿಯೂದಿಲ್ಲ, ಸೈಲೆನ್ಸರಿಗೆ ಹೋಗಿ ಉರೀತದೆ. ಅದೇ ಆ ಶಬ್ದ. ಇಷ್ಟು ಸಣ್ಣದಕ್ಕೆ ಎಂತ ಹೆದರುವುದು?"

ಮರುದಿನ ಹೊಸ ವೈರ್ ಬಂತು. ಭಯ ಪೂರ್ತಿ ಹೋಗಿರಲಿಲ್ಲ, ಆದರೂ ಹತ್ತಿ ಕೂತೆ. ಹಿಂದಿನ ರಿಕ್ಷಾದವರು ಹಾರ್ನ್ ಹೊಡೆದು ಬೈಯುತ್ತಿದ್ದರೂ ಅಪ್ಪ ಶಾಲೆಯವರೆಗೂ ಮೆಲ್ಲಗೇ ಓಡಿಸಿದರು.

ಮಗಳು ರಾತ್ರಿಯೆಲ್ಲ ಯಾಕೆ ಅಳುತ್ತಾಳೋ ನನಗಿನ್ನೂ ಗೊತ್ತಾಗಿಲ್ಲ. ಈಗ ಹೆಗಲ ಮೇಲೆ ಮತ್ತೆ ನಿದ್ದೆ ಹೋಗಿದ್ದಾಳೆ. ಕೆಳಗಿಳಿಸದೆ ಕೋಣೆಯಲ್ಲಿ ಮೆಲ್ಲಗೆ ನಡೆಯುತ್ತಲೇ ಇದ್ದೇನೆ.