ಚೀಟಿಯ ಹಿಂಬದಿ

ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ಇಷ್ಟೇ: ‘ದೊರೆಸಾನಿಯ ಬೆಕ್ಕು ಮನೆಗೆ ಬಂತು. ಚೀಟಿಯನ್ನು ಅಮ್ಮನಿಗೆ ಓದಿ ಹೇಳಿದೆ.’ ಎರಡನೆಯ ವಾಕ್ಯ ಅರ್ಧ ಸುಳ್ಳು. ಬರೆಯುವಾಗ ನನಗೆ ಅದು ಗೊತ್ತಿತ್ತೇ ಎಂಬುದನ್ನು ಈಗಲೂ ಖಚಿತವಾಗಿ ಹೇಳಲಾರೆ.

ಬಿ.ಎ. ಮುಗಿಸಿ ತರೀಕೆರೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ. ಕಡೂರು ಕಡೆಯ ಹೊಲವನ್ನೂ ತೆಂಗಿನ ತೋಟವನ್ನೂ ಚಿಕ್ಕಪ್ಪನಿಗೆ ಒಪ್ಪಿಸಿ ಅಮ್ಮ ನನ್ನ ಜೊತೆಗಿದ್ದಳು. ರೈಲ್ವೆ ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರ ಹೆಂಡತಿಗೆ ಸಂಜೆ ಕನ್ನಡ ಹೇಳಿಕೊಡುತ್ತಿದ್ದೆ. ಇಂಗ್ಲೆಂಡಿನ ಸೀಮೆಗೆ ಹೊರಟಾಗ ಆಕೆ ತಮ್ಮ ಪರ್ಷಿಯಾ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಅದರ ಆರೈಕೆಯ ವಿಷಯವನ್ನು ಒಂದು ಹಾಳೆಯ ಎರಡೂ ಬದಿಯಲ್ಲಿ ಬರೆದು ನನ್ನ ಕೈಗಿತ್ತರು.

ನಮ್ಮ ಬೀದಿ ಅಂಥ ಬೆಕ್ಕನ್ನು ಕಂಡಿರಲಿಲ್ಲ. ಕೆನೆಯ ಬಣ್ಣ, ಚಪ್ಪಟೆ ಮುಖ, ತಾಮ್ರದ ಕಾಸಿನಂಥ ಕಣ್ಣು, ಕತ್ತಿನ ಸುತ್ತ ಸಿಂಹದ ಹಾಗೆ ಕೂದಲು.

“ಏನಮ್ಮೋ, ಒಳಗೆ ಕುರಿ ಸಾಕ್ಕೊಂಡಿದ್ದೀಯಂತೆ? ಉಣ್ಣೆ ಯಾವಾಗ ಕತ್ತರಿಸ್ತೀಯ?” ಎಂದಳು ಪಕ್ಕದ ಮನೆಯಾಕೆ.

“ಕಂಬಳಿ ನೇಯ್ಸಿ ಮೊದ್ಲು ನಿನ್ ಬಾಯಿಗೇ ಹೊದಿಸ್ತೀನಿ, ಬಾರೇ,” ಎಂದಳು ಅಮ್ಮ.

ಅದು ಇಲಿ ಹಿಡಿಯಲಿಲ್ಲ, ಗೋಡೆ ಹಾರಲಿಲ್ಲ, ಕೂಗಿದ್ದೂ ಕಡಿಮೆ. ಅಮ್ಮ ರಾಗಿ ಬೀಸುವಾಗ ಕಲ್ಲಿನ ಪಕ್ಕ ಕೂತು, ಮೈಮೇಲೆ ಹಿಟ್ಟು ಬಿದ್ದರೂ ಏಳುತ್ತಿರಲಿಲ್ಲ. ಮೀನು ಬೇಯಿಸಿ ಕೊಡಬೇಕು, ಹಾಲು ಕಡಿಮೆ ಇರಲಿ, ಕಣ್ಣಿನ ನೀರನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಎಂದು ನಾನು ಓದಿ ಹೇಳಿದ್ದನ್ನು ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಮಾರ್ಗಶಿರದ ಹೊತ್ತಿಗೆ ಅದರ ಹೊಟ್ಟೆಯ ಕೂದಲು ಗಂಟುಗಂಟಾಯಿತು.

“ಜಡೆಗಟ್ಟೈತೆ ಕಣೋ. ಹೆಣ್ಮಕ್ಕಳ ತಲೆ ಹಿಂಗಾದ್ರೆ ಸುಮ್ನೆ ಬಿಡ್ತೀವಾ?”

“ಏನಾದ್ರೂ ಮಾಡಮ್ಮ,” ಎಂದು ಸ್ಕೂಲಿಗೆ ಹೊರಟೆ. ಈ ಮಾತು ದಿನಚರಿಯಲ್ಲಿಲ್ಲ.

ಹೆಣ್ಣುಮಕ್ಕಳಿಲ್ಲದ ಅಮ್ಮ ಮಗಳಿಗೆ ಮಾಡುವಂತೆಯೇ ಮಾಡಿದಳು. ಹರಳೆಣ್ಣೆ ಬೆಚ್ಚಗೆ ಮಾಡಿ ಬುಡಕ್ಕೆ ತಿಕ್ಕಿ, ನೆನೆಯಲು ಬಿಟ್ಟು, ಸೀಗೆಪುಡಿ ಹಾಕಿ ಬಿಸಿನೀರು ಹುಯ್ದಳು. ನಾನು ಬಂದಾಗ ಅದು ಇನ್ನೂ ಒಣಗಿರಲಿಲ್ಲ. ಇಷ್ಟು ಸಣ್ಣ ಮೈಯೇ ಎಂದು ಅಮ್ಮ ನಗುತ್ತಿದ್ದಳು. ಎಣ್ಣೆ ಪೂರ್ತಿ ಹೋಗಿರಲಿಲ್ಲ. ಬೆಕ್ಕು ನೆಕ್ಕಿತು, ನೆಕ್ಕುತ್ತಲೇ ಇತ್ತು. ರಾತ್ರಿಯಿಂದ ಭೇದಿ, ನಡುಕ. ಮೂರನೆಯ ದಿನ ಉಸಿರು ಗೊರಗುಟ್ಟತೊಡಗಿತು.

ಬೀರೂರಿನಲ್ಲಿ ರೈಲು ಬದಲಿಸಿ ಅಜ್ಜಂಪುರಕ್ಕೆ ಹೋಗಿ ದನದ ಡಾಕ್ಟರನ್ನು ಕರೆತಂದೆ.

“ನಾನು ಹೋರಿ ನೋಡೋನು ಕಣ್ರೀ ಮೇಷ್ಟ್ರೇ. ಇದ್ರ ಎದೇಲಿ ಶೀತ ಕೂತೈತೆ. ಈ ಚಳೀಲಿ ಎಣ್ಣೆನೀರು ಹಾಕಿದ್ದು ಯಾರು?”

“ನಾನೇ ಕಣಪ್ಪ,” ಎಂದಳು ಅಮ್ಮ.

ನಾನು ಡಾಕ್ಟರಿಗೆ ಕೈತೊಳೆಯಲು ನೀರು ತಂದಿಟ್ಟೆ. ಮಾರನೆಯ ಬೆಳಿಗ್ಗೆ ಅದು ಅವಳ ಮಡಿಲಲ್ಲಿ ಸತ್ತಿತು.

ಹಿತ್ತಲಲ್ಲಿ ಹೂತು ಬಂದು ಕೋಟಿನ ಜೇಬಿನಿಂದ ಚೀಟಿ ತೆಗೆದೆ. ಹಿಂಬದಿಯಲ್ಲಿತ್ತು: ದಿನವೂ ಬಾಚಬೇಕು, ಗಂಟನ್ನು ಬೆರಳಿನಿಂದ ಬಿಡಿಸಬೇಕು, ಬಿಡದಿದ್ದರೆ ಕತ್ತರಿಸಬೇಕು, ಚಳಿಗಾಲದಲ್ಲಿ ಮೈ ತೋಯಿಸಬಾರದು, ಎಣ್ಣೆ ಎಂದೂ ಕೂಡದು. ಇದನ್ನು ನಾನು ನೋಡಿದ್ದು ಆಗಲೇ ಮೊದಲು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಬೆಕ್ಕು ಬಂದ ದಿನ, ಬೆಕ್ಕಿಗೂ ತಲೆ ಬಾಚುವುದೇ ಎಂದು ಒಬ್ಬನೇ ನಕ್ಕದ್ದು ನೆನಪಿದೆ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೂ ನಗಬೇಕಾದರೆ ಓದಿರಲೇಬೇಕಲ್ಲ?

ಬಂದವರಿಗೆಲ್ಲ ಅಮ್ಮ, “ಕೈಯಾರೆ ಕೊಂದೆ,” ಎನ್ನುತ್ತಿದ್ದಳು. ನಾನು ಒಳಗೆ ಹುಡುಗರ ಕಾಪಿ ತಿದ್ದುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವಳಿಗೆ ಓದು ಬಾರದು. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ಮಾತ್ರ ಅದನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟೆ.

ಅಲ್ಲಿಯವರೆಗೆ ಪ್ರತಿ ಶನಿವಾರ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದವಳು ಅವಳೇ. ಮುಂದಿನ ಶನಿವಾರ ಬಟ್ಟಲನ್ನು ನನ್ನ ಮುಂದಿಟ್ಟು ದೂರ ನಿಂತಳು.

“ನೀನೇ ಹಚ್ಕೊಳಪ್ಪ. ನನ್ ಕೈ ಬ್ಯಾಡ.”

ಆಮೇಲೆ ಅವಳು ಹನ್ನೊಂದು ವರ್ಷ ಬದುಕಿದ್ದಳು. ಶನಿವಾರ ಬಂದಾಗಲೆಲ್ಲ ಬಟ್ಟಲು ಇಟ್ಟು ಹೋಗುತ್ತಿದ್ದಳು. ನಾನೇ ಹಚ್ಚಿಕೊಳ್ಳುತ್ತಿದ್ದೆ.