ಹೆಸರು ಮುಚ್ಚಿ ಪಿಸ್ತೂಲು ಕೊಡುವ ಡೊರೀನ್

ಅಂತ್ಯಕ್ರಿಯೆ ಶುಕ್ರವಾರ ಮುಗಿಯಿತು. ಭಾನುವಾರದ ಹೊತ್ತಿಗೆ ನೆಂಟರೆಲ್ಲ ಹೊರಟರು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ನಾನು ಎಲ್ಕ್ ಬೆಂಡ್ ಊರಿನ, ಚೆಂಡು ಉರುಳಿಸಿ ಆಡುವ ಬೌಲಿಂಗ್ ಮನೆಯ ನೆಲಮಾಳಿಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಪತ್ರಿಕೆಯ ಪುರವಣಿಗೆ ಬರೆಯಲು ಒಪ್ಪಿಕೊಂಡ ಲೇಖನವೊಂದು ಬಾಕಿಯಿದೆ. ಕೆಳಗೆ, ನಾನು ಯಾರ ಬಗ್ಗೆ ಬರೆಯಬೇಕೋ ಆ ಡೊರೀನ್ ಸ್ಕಿಬಾ ನೆಲ ಒರೆಸುತ್ತಿದ್ದಾರೆ.

"ಒದ್ದೆ ನೆಲ, ಅಲ್ಲೇ ಕೂತಿರು. ಊಟ ಗೀಟ ಮಾಡ್ತಿದೀಯಾ?"

"ಸಾವಿನ ಮನೆ ಅಂತ ಜನ ತಂದುಕೊಟ್ಟ ಆಲೂಗಡ್ಡೆ ಅಡುಗೆಯ ಟ್ರೇಗಳು ಹನ್ನೊಂದಿವೆ."

"ಹಂಗಾದ್ರೆ ಸಾಯಲ್ಲ ಬಿಡು."

ಅಂದ ಮೇಲೆ ಡೊರೀನ್ ಒಂದೇ ಜಾಗವನ್ನು ಮೂರು ಸಲ ಒರೆಸುತ್ತಾರೆ.

ಇದು ಪಿಸ್ತೂಲಿನ ಶೂಟಿಂಗ್ ರೇಂಜ್. ಮೇಲೆ ಬೌಲಿಂಗ್, ಪಕ್ಕದಲ್ಲಿ ಬಂದೂಕಿನ ಅಂಗಡಿ, ಕೆಳಗೆ ಗುರಿ ಕಲಿಯುವ ಆರು ಸಾಲುಗಳು. ಪೊರಕೆಗೆ ಇಲ್ಲಿ ಪ್ರವೇಶವಿಲ್ಲ. ಗುಡಿಸಿದರೆ ಸೀಸದ ಧೂಳು ಎದ್ದು ಮೂಗಿಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡ ಮೇಲೆಯೇ ಡೊರೀನ್ ಕಾಫಿ ಮುಟ್ಟುವುದು. ಏಳು ಗಂಟೆಗೆ ಚೀಸ್ ಕಾರ್ಖಾನೆಯ ರಾತ್ರಿ ಪಾಳಿ ಬಿಡುತ್ತದೆ. ಆಗ ಬರುವ ಗಿರಾಕಿಗಳಿಗೆ ನಿದ್ದೆಯೂ ಬೇಕು, ಪಿಸ್ತೂಲೂ ಬೇಕು. "ಎರಡೂ ಒಟ್ಟಿಗೆ ಕೊಡಲ್ಲ ನಾನು. ಮೊದ್ಲು ಮಲಗಿ ಎದ್ದು ಬಾ ಅಂತೀನಿ."

ಅರವತ್ತಮೂರು ವರ್ಷದ ಡೊರೀನ್ ಕೂಡ ಅದೇ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಚೀಸ್ ಕಟ್ಟಿದವರು. ಯಂತ್ರದ ಸದ್ದಿಗೆ ಎಡಗಿವಿ ಹೋಯಿತು. "ಬಂದೂಕಿಂದ ಹೋಗಿದ್ದು ಅಂತ ಊರವರೆಲ್ಲ ಅಂದ್ಕೊಂಡಿದಾರೆ. ಚೆಡ್ಡರ್ ಚೀಸಿಂದ ಕಿವುಡಾದೆ ಅಂದ್ರೆ ಯಾರು ಮರ್ಯಾದೆ ಕೊಡ್ತಾರೆ?" ಕಾರ್ಖಾನೆ ಅವರನ್ನು ಬಿಡಿಸಿದ ವಾರವೇ ಈ ಕೌಂಟರಿಗೆ ಬಂದರು. ಈಗ ಹತ್ತೊಂಬತ್ತು ವರ್ಷ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷೆ. ದಿನಕ್ಕೆ ಮೂವತ್ತು ಸಲ ಕೈ ತೊಳೆಯುತ್ತಾರೆ. ಚಳಿಗಾಲದಲ್ಲಿ ಬೆರಳುಗಳು ಒಡೆದು ನೆತ್ತರು ಬರುತ್ತದೆ. ದಿನಕ್ಕೆ ಇನ್ನೂರು ಸಲ ಹೇಳುವ ಮಾತೊಂದಿದೆ: "ಬೆರಳು ಹೊರಗೆ." ಗುರಿ ನೋಡುವವರೆಗೆ ಟ್ರಿಗರಿನೊಳಗೆ ಬೆರಳು ಹಾಕಬಾರದೆಂದು ಅದರ ಅರ್ಥ. ಟಿವಿಯ ರಿಮೋಟ್ ಹಿಡಿದ ಗಂಡನಿಗೂ ಅವರು ಹಾಗೆಯೇ ಹೇಳುತ್ತಾರಂತೆ. ಆತ ಹೊರಗೆ ತೆಗೆಯುತ್ತಾನಂತೆ ಕೂಡ.

ಆದರೆ ಊರಿನಲ್ಲಿ ಡೊರೀನರ ಹೆಸರು ಇರುವುದು ಬೇರೆ ಕಾರಣಕ್ಕೆ. ಮೊದಲ ಬಾರಿ ಪಿಸ್ತೂಲು ಕೊಳ್ಳುವವರಿಗೆ ಅವರು ಹೆಸರು ಮುಚ್ಚಿ ಕೊಡುತ್ತಾರೆ. ಬಾಡಿಗೆಯ ಪಿಸ್ತೂಲುಗಳನ್ನು ತೆಗೆದು, ಕಂಪನಿಯ ಹೆಸರಿನ ಮೇಲೂ ಬೆಲೆಚೀಟಿಯ ಮೇಲೂ ಕಾಗದದ ಅಂಟುಪಟ್ಟಿ ಹಚ್ಚಿ, ಒಂದು ಎರಡು ಮೂರು ಎಂದು ಬರೆಯುತ್ತಾರೆ. ಗುರಿಯಾಗಿ ಏಳು ಗಜ ದೂರದಲ್ಲಿ ಬಿಳಿ ಕಾಗದದ ಊಟದ ತಟ್ಟೆ. ಒಂದೊಂದು ಪಿಸ್ತೂಲಿಗೆ ಒಂದೊಂದು ತಟ್ಟೆ. ಕೊನೆಗೆ ಪಿಸ್ತೂಲುಗಳನ್ನು ಬಚ್ಚಿಟ್ಟು ತಟ್ಟೆಗಳನ್ನು ಮಾತ್ರ ಕೌಂಟರಿನ ಮೇಲೆ ಹರಡುತ್ತಾರೆ. "ಯಾವ ತಟ್ಟೆ ಬೇಕು ಹೇಳಿ. ಮನೆಗೆ ಹೋಗಿ ಹೆಂಡ್ತಿಗೆ ತೋರ್ಸೋದು ತಟ್ಟೆ ತಾನೆ?"

ಹತ್ತರಲ್ಲಿ ಏಳು ಜನ ಅತ್ಯಂತ ಅಗ್ಗದ ಪಿಸ್ತೂಲಿನ ತಟ್ಟೆಯನ್ನೇ ಎತ್ತಿಕೊಳ್ಳುತ್ತಾರೆ. ಮಾಲೀಕರಿಗೆ ಇದು ಹಿಡಿಸಿಲ್ಲ. ಆದರೆ ಹಾಗೆ ಕೊಂಡವರು ವರ್ಷಗಟ್ಟಲೆ ಗುಂಡು ಕೊಳ್ಳಲು ಬರುತ್ತಿರುವುದರಿಂದ ಸುಮ್ಮನಿದ್ದಾರೆ.

"ಪಿಸ್ತೂಲು ಒಂದ್ಸಲ ಕೊಳ್ಳೋದು, ಗುಂಡು ಪ್ರತಿ ವಾರ," ಎನ್ನುತ್ತಾರೆ ಡೊರೀನ್. "ಇಪ್ಪತ್ತೆರಡರ ಅಳತೆಯ ಪುಟ್ಟ ಗುಂಡು ಐವತ್ತಕ್ಕೆ ಒಂದು ಕಾಫಿ, ಒಂದು ಡೋನಟ್ ಖರ್ಚು. ನಲವತ್ತೈದರ ದಪ್ಪ ಗುಂಡು ಐವತ್ತಕ್ಕೆ ಹೋಟ್ಲಲ್ಲಿ ಶುಕ್ರವಾರದ ಮೀನಿನೂಟ, ಮೇಲೆ ಬ್ರಾಂಡಿ. ಸಂಬಳ ನೋಡ್ಕೊಂಡು ಹಾರ್ಸಪ್ಪಾ ಅಂತೀನಿ."

ಏಳೂಕಾಲಿಗೆ ನಾವು ಅಂಗಡಿಯ ಕೌಂಟರಿನಲ್ಲಿದ್ದಾಗ ಮಾರ್ಲಿಸ್ ಓಸ್ಟ್‌ಬಿ ಬರುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೂಪು ಬಡಿಸಿ ನಿವೃತ್ತರಾದವರು. ಹಿಂದೆಯೇ ಅವರ ಅಕ್ಕನ ಗಂಡ ಡೆಲ್ಮರ್. ಹೆಂಗಸರ ಗುರುವಾರದ ಗುರಿ ಹೊಡೆಯುವ ಪಂದ್ಯಕ್ಕೆ ನಾಲ್ವರ ತಂಡ ಬೇಕು. ಹನ್ನೊಂದು ವರ್ಷದ ಹಳೆಯ ತಂಡದಿಂದ ಒಬ್ಬಾಕೆ ಮಗಳ ಮನೆಗೆಂದು ಅರಿಜೋನಾಕ್ಕೆ ಹೋಗಿಬಿಟ್ಟಿದ್ದಾರೆ. ಈ ಗುರುವಾರ ಸಂಜೆ ಆರರೊಳಗೆ ನಾಲ್ಕನೆಯವರಾಗಿ ಮಾರ್ಲಿಸ್ ಹೆಸರು ಬರೆಸದಿದ್ದರೆ ತಂಡದ ಜಾಗ ಟೈರ್ ಅಂಗಡಿಯ ಹೆಂಗಸರಿಗೆ ಹೋಗುತ್ತದೆ. ಹೆಸರು ಬರೆಸಲು ಸ್ವಂತ ಪಿಸ್ತೂಲು ಇರಬೇಕು. ಮಾರ್ಲಿಸ್ ಕೈಯಲ್ಲಿರುವುದು ಮುನ್ನೂರೈವತ್ತು ಡಾಲರ್.

"ವಾರಕ್ಕೊಂದು ದಿನ ಆದ್ರೂ ಮನೆ ಬಿಟ್ಟು ಹೊರಗೆ ಬರ್ಬೇಕು ಡೊರೀನ್," ಎನ್ನುತ್ತಾರೆ ಮಾರ್ಲಿಸ್. "ನಿನ್ನೆ ಫ್ರಿಜ್ ಜೊತೆ ಮಾತಾಡ್ತಿದ್ದೆ. ಅದೂ ಬೈತಾ ಇದ್ದೆ."

ಡೆಲ್ಮರ್ ಆಗಲೇ ಆರಿಸಿಬಿಟ್ಟಿದ್ದಾರೆ. ಗಾಜಿನೊಳಗೆ ಅಂಗೈಯಗಲದ ಒಂದು ಜೇಬಿನ ಪಿಸ್ತೂಲಿನ ಕಡೆ ಬೆರಳು ತೋರಿಸುತ್ತಾರೆ. "ಅದು. ಪುಟ್ಟದು, ಹಗುರ, ಹೆಣ್ಣುಕೈಗೆ ಸರಿ. ರಿಯಾಯಿತಿ ಬೇರೆ ಇದೆ."

"ಪುಟ್ಟ ಪಿಸ್ತೂಲು ಪುಟ್ಟ ನಾಯಿ ಇದ್ದಂಗೆ ಡೆಲ್ಮರ್. ಕಚ್ಚೋದೇ ಜಾಸ್ತಿ. ಭಾರ ಇದ್ರೆ ಒದೆತ ಪಿಸ್ತೂಲೇ ತಡ್ಕೊಳುತ್ತೆ, ಹಗುರ ಇದ್ರೆ ನಿನ್ನ ಕೈ ತಡ್ಕೋಬೇಕು."

"ನಲವತ್ತು ವರ್ಷದಿಂದ ಹಾರಿಸ್ತಿದೀನಿ ಮಾರಾಯ್ತಿ. ನಂಗೆ ಹೇಳ್ಕೊಡ್ತೀಯಾ?"

"ಇಲ್ಲಪ್ಪ. ನೀನೇ ಹೆಂಗಸ್ರಿಗೆ ತೋರ್ಸಿಕೊಡು ಬಾ."

ಬಾಡಿಗೆಯ ಡಬ್ಬದಲ್ಲೂ ಅಂಥದೊಂದು ಜೇಬಿನ ಪಿಸ್ತೂಲಿದೆ. ಡೊರೀನ್ ತಾವೇ ಅದಕ್ಕೆ ಗುಂಡು ತುಂಬುತ್ತಾರೆ. ಮೂರನೆಯದು ಮದ್ದಿಲ್ಲದ ಹುಸಿಗುಂಡು. ಅದು ಡೊರೀನರಿಗೆ ಮಾತ್ರ ಗೊತ್ತು. ಕೆಳಗೆ ರೇಂಜಿನಲ್ಲಿ ಡೆಲ್ಮರ್ ಕಾಲು ಅಗಲಿಸಿ ನಿಲ್ಲುತ್ತಾರೆ. ಢಂ. ಢಂ. ಮೂರನೆಯದಕ್ಕೆ ಬರೀ ಟಕ್ ಎನ್ನುತ್ತದೆ. ಬಾರದ ಒದೆತಕ್ಕೆ ಕೈ ಮೊದಲೇ ಹೆದರಿ, ಪಿಸ್ತೂಲಿನ ಮೂತಿ ಕಾಳು ಹೆಕ್ಕುವ ಕೋಳಿಯ ಹಾಗೆ ಕೆಳಗೆ ಬೀಳುತ್ತದೆ.

"ಗುಂಡು ಕೆಟ್ಟಿತ್ತು," ಎನ್ನುತ್ತಾರೆ ಡೆಲ್ಮರ್.

"ಗುಂಡು ಕೆಟ್ಟಿತ್ತು, ಸರಿ. ಕೈ ಯಾಕೆ ಚರ್ಚಲ್ಲಿ ಮಂಡಿಯೂರಿದಂಗೆ ಬಗ್ತು?"

ಮಾರ್ಲಿಸ್ ನಗುತ್ತಾರೆ. ಆದರೆ ಸರದಿ ತಮ್ಮದಾದಾಗ ನಗು ನಿಲ್ಲುತ್ತದೆ. ಜೇಬಿನ ಪಿಸ್ತೂಲಿನ ಒಂದೇ ಗುಂಡಿಗೆ ಕಟ್ಟಿಸಿದ ಹಲ್ಲು ಅಲುಗಾಡಿತೆಂದು ಕೆಳಗಿಡುತ್ತಾರೆ. ದೊಡ್ಡ ಪಿಸ್ತೂಲಿನಲ್ಲಿ ಎರಡು ಹಾರಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ತಟ್ಟೆಗಳೆರಡೂ ಬಡಿಸಲು ಸಿದ್ಧವಾಗಿ ಬೆಳ್ಳಗಿವೆ.

"ಇದು ನಂಗಲ್ಲ ಡೊರೀನ್. ಹುಡ್ಗೀರಿಗೆ ಹೇಳ್ಬಿಡ್ತೀನಿ." ಹುಡುಗಿಯರೆಂದರೆ ತಂಡದ ಉಳಿದ ಮೂವರು, ಎಲ್ಲರಿಗೂ ಎಪ್ಪತ್ತರ ಆಸುಪಾಸು.

ಡೊರೀನ್ ಹೆದರುವುದು ಇದಕ್ಕೇ. ಮೊದಲ ದಿನ ಬೆಚ್ಚಿದವರು ಮತ್ತೆ ಬರುವುದಿಲ್ಲ. ಗಾಜಿನೊಳಗೆ ಮುನ್ನೂರಿಪ್ಪತ್ತು ಡಾಲರಿನ ಹೊಸ ಇಪ್ಪತ್ತೆರಡರ ಪಿಸ್ತೂಲು ಇದೆ. ಮಾರ್ಲಿಸ್‌ಗೆ ಅದೇ ಸರಿ. ಆದರೆ ಮಾರುವ ಮೊದಲು ಹೊಸದನ್ನು ಹಾರಿಸಕೂಡದೆಂದು ಮಾಲೀಕರ ನಿಯಮ. "ಕಾಲಿಗೆ ಹಾಕಿ ನೋಡ್ದೆ ಬೂಟು ಕೂಡ ಕೊಂಡೋಳಲ್ಲ ನಾನು," ಎನ್ನುತ್ತಾರೆ ಮಾರ್ಲಿಸ್. ಲಾಭವಿಲ್ಲವೆಂದು ಇಪ್ಪತ್ತೆರಡರ ಪಿಸ್ತೂಲನ್ನು ಮಾಲೀಕರು ಬಾಡಿಗೆಗೆ ಇಟ್ಟಿಲ್ಲ. ಅದಕ್ಕೆಂದೇ ಡೊರೀನ್ ತಮ್ಮ ಸ್ವಂತದ್ದನ್ನು ತಂದಿಟ್ಟಿದ್ದರು. ಮರದ ಹಿಡಿ ಸವೆದು ನುಣುಪಾದ, ಇನ್ನೂ ಗಟ್ಟಿಮುಟ್ಟಾದ ಹಳೆಯ ಪಿಸ್ತೂಲು. ಊರಿನ ಅರ್ಧ ಜನ ಅದರಲ್ಲೇ ಕಲಿತಿದ್ದಾರೆ. ಅದಕ್ಕೆ ಅಜ್ಜಿ ಎಂದು ಹೆಸರು.

"ಅಜ್ಜಿ ಎಲ್ಲಿ?" ಎಂದು ಕೌಂಟರಿಗೆ ಮರಳಿದ ಡೆಲ್ಮರ್ ಕೇಳುತ್ತಾರೆ. "ಇವಳಿಗೆ ಅಜ್ಜಿ ಕೊಡು ಮಾರಾಯ್ತಿ."

"ಹೊರಗೆ ಹೋಗಿದಾಳೆ," ಎಂದು ಡೊರೀನ್ ಒರೆಸಿದ ಗಾಜನ್ನೇ ಒರೆಸುತ್ತಾರೆ. ನನ್ನ ಕಡೆ ನೋಡುವುದಿಲ್ಲ.

ಅಜ್ಜಿ ನಮ್ಮ ಮನೆಯ ಕಪಾಟಿನ ಮೇಲಿನ ಹಲಗೆಯಲ್ಲಿದೆ. ನನ್ನ ಗಂಡ ಆಂಡರ್ಸ್ ನವೆಂಬರಿನಲ್ಲಿ ಎರವಲು ತಂದಿದ್ದ. ಭಾನುವಾರಗಳಲ್ಲಿ ಅವನ ಚಿಕ್ಕಪ್ಪನ ಜಲ್ಲಿಗುಂಡಿಯಲ್ಲಿ ತಟ್ಟೆಗಳಿಗೆ ಹೊಡೆಯುತ್ತಿದ್ದ. ಹೋದ ವಾರ ಮನೆಯ ಮುಂದಿನ ಹಿಮ ಎತ್ತಿಹಾಕುತ್ತಿದ್ದಾಗ ಅವನ ಹೃದಯ ನಿಂತಿತು. ಅವನಿಗೆ ಮೂವತ್ತನಾಲ್ಕು ವರ್ಷ. ನಾನು ಸೋಮವಾರದ ಟಿಪ್ಪಣಿ ಪೂರ್ತಿ ಮಾಡಿಕೊಂಡು ಮನೆಗೆ ಹೋಗುತ್ತೇನೆ.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಅಜ್ಜಿಯಿರುವ ಚೀಲವನ್ನು ಕೌಂಟರಿನ ಮೇಲೆ ಇಡುತ್ತೇನೆ. ಡೊರೀನ್ ಪಿಸ್ತೂಲು ತೆಗೆದು, ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದ ಒಮ್ಮೆ, ಕಿರುಬೆರಳಿನಿಂದ ಒಮ್ಮೆ ನೋಡಿ, ಮತ್ತೆ ಚೀಲದ ಮೇಲೆ ಇಡುತ್ತಾರೆ.

"ಮಾರ್ಚ್ ತನಕ ಅಂತ ಆಂಡರ್ಸ್ ಕೇಳಿದ್ದ. ಇನ್ನೂ ಮಾರ್ಚ್ ಆಗಿಲ್ವಲ್ಲ."

"ನೀವು ಕೇಳಬಹುದಿತ್ತು ಡೊರೀನ್."

"ಕೊಟ್ಟಿದ್ದು ಅವನಿಗೆ. ವಾಪಸ್ ಕೇಳೋದಾದ್ರೆ ಅವನನ್ನೇ ಕೇಳ್ಬೇಕಿತ್ತು."

"ಮಾರ್ಲಿಸ್ ಅವರಿಗೆ ಹಾರಿಸಿ ನೋಡೋಕೆ ಕೊಡಿ."

"ಕೊಡೋಕೆ ನಾನ್ಯಾರು? ಈಗ ಅದು ನಿನ್ನ ಹತ್ರ ಇರೋ ಸಾಮಾನು. ನೀನು ಹೂಂ ಅಂದ್ರೆ ಫೋನ್ ಮಾಡ್ತೀನಿ."

ನಾನು ಹೂಂ ಅನ್ನುತ್ತೇನೆ.

ಮಾರ್ಲಿಸ್ ಏಪ್ರನ್ ಬಿಚ್ಚದೆ ಅದರ ಮೇಲೇ ಕೋಟು ಹಾಕಿಕೊಂಡು ಬರುತ್ತಾರೆ. ಕಾರು ಓಡಿಸಿದ ಡೆಲ್ಮರ್‌ಗೆ ಮೆಟ್ಟಿಲ ಮೇಲೆ ಕೂರಬೇಕೆಂದೂ ಬಾಯಿ ಬಿಡಬಾರದೆಂದೂ ಆಜ್ಞೆಯಾಗಿದೆ. ಕೆಳಗೆ ಹೊಸ ತಟ್ಟೆ ತೂಗುತ್ತದೆ.

"ಸೂಪಿನ ಸೌಟು ಹಿಡಿದಂಗೆ ಹಿಡಿ," ಎನ್ನುತ್ತಾರೆ ಡೊರೀನ್. "ಚೆಲ್ಬಾರ್ದು, ಹಿಸುಕ್ಲೂಬಾರ್ದು. ಬೆರಳು ಹೊರಗೆ. ಹಾಂ. ಈಗ ಮೆಲ್ಲಗೆ ಒಳಗೆ."

ಪಟ್. ಒಣ ಕಡ್ಡಿ ಮುರಿದಷ್ಟೇ ಸದ್ದು. ಮಾರ್ಲಿಸ್ ಕಣ್ಣು ತೆರೆದೇ ಇದೆ.

"ಇಷ್ಟೇನಾ?"

"ಇಷ್ಟೇ."

"ಇದಕ್ಕಾ ನಾನು ಮೂರು ದಿನ ನಿದ್ದೆಗೆಟ್ಟಿದ್ದು!"

ಮೊದಲ ಐದರಲ್ಲಿ ಎರಡು ತಟ್ಟೆಗೆ ತಾಗುತ್ತವೆ. ಮುಂದಿನ ಐದರಲ್ಲಿ ನಾಲ್ಕು. ನಡುವೆ ಡೊರೀನ್ ಗೊತ್ತಾಗದ ಹಾಗೆ ಒಂದು ಹುಸಿಗುಂಡು ಸೇರಿಸುತ್ತಾರೆ. ಟಕ್ ಎನ್ನುತ್ತದೆ, ಮಾರ್ಲಿಸ್ ಕೈ ಅಲುಗುವುದಿಲ್ಲ. "ಇದು ಕೆಟ್ಟಿದೆ, ಬೇರೆ ಕೊಡು," ಎಂದು ಅಡುಗೆಮನೆಯ ದನಿಯಲ್ಲಿ ಗದರುತ್ತಾರೆ. ಮೆಟ್ಟಿಲ ಮೇಲೆ ಡೆಲ್ಮರ್ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ.

ಹೊಸ ಇಪ್ಪತ್ತೆರಡು ಗಾಜಿನಿಂದ ಹೊರಬರುವಾಗ ಐದು ಗಂಟೆ ದಾಟಿದೆ. ಅರ್ಜಿ ತುಂಬಬೇಕು, ಈಕೆಗೆ ಪಿಸ್ತೂಲು ಮಾರಬಹುದೇ ಎಂದು ರಾಜಧಾನಿಯ ಸರ್ಕಾರಿ ಕಚೇರಿಗೆ ಫೋನ್ ಮಾಡಬೇಕು. ಆ ಕಡೆಯವರು ಕಾಯಿರಿ ಎಂದಿದ್ದಾರೆ. ಐದೂವರೆ. ಐದು ನಲವತ್ತು. ತಂಡದ ಮೂವರು ಹುಡುಗಿಯರು ಬಂದು ಕೌಂಟರಿಗೆ ಒರಗಿದ್ದಾರೆ. ಟೈರ್ ಅಂಗಡಿಯ ಹೆಂಗಸರು ಬಾಗಿಲ ಬಳಿ ಗಡಿಯಾರ ನೋಡುತ್ತಿದ್ದಾರೆ.

"ಏನ್ ಹುಡುಕ್ತಿದಾರಂತೆ ಅಷ್ಟು ಹೊತ್ತು?" ಎಂದು ಮಾರ್ಲಿಸ್ ಪಿಸುಗುಟ್ಟುತ್ತಾರೆ.

"ನಿನ್ನ ಸೂಪು ಕುಡ್ದೋರು ಯಾರಾದ್ರೂ ದೂರು ಕೊಟ್ಟಿರ್ತಾರೆ," ಎನ್ನುತ್ತಾರೆ ಡೆಲ್ಮರ್. ಬಾಯಿ ಬಿಡಬಾರದೆಂಬ ಆಜ್ಞೆ ಅವರಿಗೆ ಮರೆತುಹೋಗಿದೆ.

ಐದು ಐವತ್ತೆರಡಕ್ಕೆ ಫೋನ್ ಬರುತ್ತದೆ. ಡೊರೀನ್ ಬಲಗಿವಿಗೆ ಹಿಡಿದು ಕೇಳಿಸಿಕೊಂಡು, ಪಂದ್ಯದ ಪಟ್ಟಿಯನ್ನೂ ಪೆನ್ನನ್ನೂ ಮಾರ್ಲಿಸ್ ಕಡೆ ತಳ್ಳುತ್ತಾರೆ. ಹುಡುಗಿಯರ ಕೂಗಿಗೆ ಮೇಲಿನ ಬೌಲಿಂಗ್‌ನಲ್ಲಿ ಯಾರೋ ಚೆಂಡು ಕೈಬಿಡುತ್ತಾರೆ.

ಎಲ್ಲರೂ ಅಭ್ಯಾಸಕ್ಕೆಂದು ಕೆಳಗಿಳಿದ ಮೇಲೆ ನಾನು ಕೌಂಟರಿನ ತುದಿಯಲ್ಲಿ ಕಾಗದ ಹಾಸಿಕೊಂಡು ಅಜ್ಜಿಯನ್ನು ಬಿಚ್ಚುತ್ತೇನೆ. ಎರವಲು ತಂದದ್ದನ್ನು ಒರೆಸದೆ ವಾಪಸು ಕೊಡುವುದು ಈ ಊರಿನಲ್ಲಿಲ್ಲ. ನಳಿಕೆಯಲ್ಲಿ ಬ್ರಷ್ಷು ಆಡಿಸಿ, ಬಟ್ಟೆಯ ತುಂಡು ಬೆಳ್ಳಗೆ ಹೊರಬರುವವರೆಗೆ ಎಳೆದು, ಒಂದೇ ತೊಟ್ಟು ಎಣ್ಣೆ ಹಾಕಿ ಜೋಡಿಸಿ ಡೊರೀನ್ ಮುಂದೆ ಇಡುತ್ತೇನೆ.

"ಮಾರ್ಚ್ ತನಕ ಬೇಡ ಡೊರೀನ್. ತಗೊಳ್ಳಿ."

ಡೊರೀನ್ ಒಳಗೆ ಬೆರಳಾಡಿಸಿ, ಬೆರಳನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಮಸಿ ಇಲ್ಲ.

"ಯಾರು ಹೇಳ್ಕೊಟ್ರು ನಿಂಗೆ?"

"ಆಂಡರ್ಸ್. ಊಟದ ಮೇಜಿನ ಮೇಲೆ ಮಾಡ್ತಿದ್ದ, ನೋಡ್ತಿದ್ದೆ."

ಅವರು ಪಿಸ್ತೂಲನ್ನು ಡ್ರಾಯರಿನಲ್ಲಿಟ್ಟು ಬೀಗ ತಿರುಗಿಸುತ್ತಾರೆ. ಒಡೆದ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಅವನಿಗೆ ಹೇಳ್ಕೊಟ್ಟಿದ್ದು ನಾನು," ಎನ್ನುತ್ತಾರೆ.